ಶರದೃತುವಿನ ಮಲೆನಾಡಿನ ದಾರಿ: ಗದ್ದೆಯ ಬಣ್ಣ ನೋಡಿ ದಿನ ಗೊತ್ತುಮಾಡಿ

ಪ್ರಶ್ನೆ: ನಾವು ಬೆಂಗಳೂರಿನವರು. ನಾವಿಬ್ಬರು, ಎಪ್ಪತ್ತು ದಾಟಿದ ಅತ್ತೆ–ಮಾವ, ಹತ್ತು ಮತ್ತು ಹದಿಮೂರು ವರ್ಷದ ಮಕ್ಕಳು ಸೇರಿ ಆರು ಮಂದಿ. ಅಮೆರಿಕದಲ್ಲಿರುವ ನಾದಿನಿ ಪ್ರತಿ ಅಕ್ಟೋಬರಿನಲ್ಲಿ ಕೆಂಪು, ಹಳದಿ ಎಲೆಗಳ ನಡುವೆ ಹಾದುಹೋಗುವ ರಸ್ತೆಗಳ ಚಿತ್ರ ಕಳಿಸುತ್ತಾಳೆ. ಊರು ತಲುಪುವುದಕ್ಕಿಂತ ದಾರಿಯನ್ನೇ ನೋಡಬೇಕೆನಿಸುವ ಅಂಥ ಪ್ರವಾಸ ನಮ್ಮ ಕಡೆ ಈ ಋತುವಿನಲ್ಲಿ ಸಾಧ್ಯವೇ? ದಸರಾ ರಜೆಯಲ್ಲಿ ಐದು ದಿನ ಸಿಗುತ್ತದೆ. ಶಿವಮೊಗ್ಗ, ಸಾಗರ, ಜೋಗ, ಸಿಗಂದೂರು, ಶಿರಸಿ, ಯಾಣ, ಗೋಕರ್ಣ, ಮುರುಡೇಶ್ವರ, ಬನವಾಸಿ ಎಲ್ಲವನ್ನೂ ಸೇರಿಸಿ ಒಂದು ಪಟ್ಟಿ ಮಾಡಿಕೊಂಡಿದ್ದೇವೆ. ಇದು ಸರಿಯೇ?

ಉತ್ತರ: ಖಂಡಿತ ಸಾಧ್ಯವಿದೆ, ಮತ್ತು ನೀವು ಆರಿಸಿಕೊಂಡಿರುವ ಸೀಮೆಯೂ ಸರಿಯಾದುದೇ. ಆದರೆ ಬಣ್ಣವನ್ನು ಮರದ ಮೇಲೆ ಹುಡುಕಬೇಡಿ, ಗದ್ದೆಯಲ್ಲಿ ಹುಡುಕಿ. ಪಟ್ಟಿಯನ್ನು ಅರ್ಧಕ್ಕೆ ಇಳಿಸಿ. ದಿನದ ಪ್ರಯಾಣವನ್ನು ಮಧ್ಯಾಹ್ನ ಮೂರರೊಳಗೆ ಮುಗಿಸಿ. ನಾನು ಹೇಳಬೇಕಾದುದರ ತಿರುಳು ಇಷ್ಟೇ. ಉಳಿದದ್ದು ಇದರ ವಿವರಣೆ.

ಮೊದಲು ಬಣ್ಣದ ವಿಷಯ. ಚಳಿದೇಶಗಳಲ್ಲಿ ಹಗಲು ಬೇಗಬೇಗನೆ ಕುಗ್ಗುತ್ತ ರಾತ್ರಿ ತಣ್ಣಗಾಗತೊಡಗಿದಾಗ ಮರಗಳ ಎಲೆಗಳಲ್ಲಿ ಪತ್ರಹರಿತ್ತು ತಯಾರಾಗುವುದು ನಿಲ್ಲುತ್ತದೆ. ಹಸಿರಿನ ಕೆಳಗೆ ಅಡಗಿದ್ದ ಹಳದಿ ಆಗ ಮೇಲೆ ಕಾಣುತ್ತದೆ, ಮೇಪಲ್‌ನಂಥ ಕೆಲವು ಮರಗಳಲ್ಲಿ ಕೆಂಪು ಬಣ್ಣ ಹೊಸದಾಗಿಯೇ ಹುಟ್ಟುತ್ತದೆ. ಶಿರಸಿ ಇರುವುದು ಸುಮಾರು ಹದಿನಾಲ್ಕೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ವ್ಯತ್ಯಾಸ ಎರಡು ಗಂಟೆಗೂ ಕಡಿಮೆ. ನಮ್ಮ ಮರಗಳು ಎಲೆ ಉದುರಿಸುವುದು ಚಳಿಗೆ ಹೆದರಿ ಅಲ್ಲ, ನೆಲದ ತೇವ ಆರಿದಾಗ. ಅಂದರೆ ಸಂಕ್ರಾಂತಿಯ ಆಚೀಚೆ. ಆಶ್ವಯುಜ, ಕಾರ್ತಿಕಗಳಲ್ಲಿ ಕಾಡು ಇನ್ನೂ ಮಳೆಗಾಲದ ದಟ್ಟ ಹಸಿರಿನಲ್ಲಿಯೇ ಇರುತ್ತದೆ. ಬಣ್ಣ ಬದಲಿಸುವುದು ಒಂದೇ ಮಳೆಗಾಲದಲ್ಲಿ ಹುಟ್ಟಿ ಬಲಿತು ಮುಗಿಯುವ ಗಿಡಗಳು: ಬಯಲುಸೀಮೆಯಲ್ಲಿ ರಾಗಿ ಮತ್ತು ಹುಚ್ಚೆಳ್ಳು, ಮಲೆನಾಡಿನಲ್ಲಿ ಭತ್ತ ಮತ್ತು ಬೇಣದ, ಅಂದರೆ ಹುಲ್ಲುಗಾವಲಿನ, ಕರಡ. ಮೇಲೆ ಕಪ್ಪುಹಸಿರಿನ ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು), ಅದರ ಬುಡದಲ್ಲಿ ಅಡಿಕೆ ತೋಟ, ಅದಕ್ಕೂ ಕೆಳಗೆ ದಿನದಿಂದ ದಿನಕ್ಕೆ ಹೊಂಬಣ್ಣಕ್ಕೆ ತಿರುಗುವ ಗದ್ದೆಯ ಬಯಲು, ಹೀಗೆ ಮೂರು ಪದರಗಳಾಗಿ ರಸ್ತೆಯ ಪಕ್ಕದಲ್ಲಿ ಸಾಗುವ ಈ ದೃಶ್ಯವೇ ನಮ್ಮ ಶರದೃತು. ಸಾಗರದಿಂದ ಸಿದ್ದಾಪುರದ ಮೂಲಕ ಶಿರಸಿಗೆ ಹೋಗುವ ದಾರಿಯಲ್ಲಿ ಇದು ತಿರುವು ತಿರುವಿಗೂ ಕಾಣಸಿಗುತ್ತದೆ.

ಯಾವಾಗ ಹೋಗಬೇಕು ಎಂಬುದು ಎಲ್ಲಿಗೆ ಹೋಗಬೇಕು ಎಂಬುದಕ್ಕಿಂತ ದೊಡ್ಡ ಪ್ರಶ್ನೆ. ಹೆಚ್ಚಿನವರು ಇಲ್ಲಿಯೇ ತಪ್ಪುತ್ತಾರೆ. ಹಬ್ಬಗಳು ಚಾಂದ್ರಮಾನದ ಲೆಕ್ಕದವು, ಆದ್ದರಿಂದ ಅಧಿಕಮಾಸ ಬಂದ ವರ್ಷ ದಸರಾ, ದೀಪಾವಳಿಗಳು ಮುಂದಕ್ಕೆ ಸರಿಯುತ್ತವೆ. ಮಳೆಯ ನಕ್ಷತ್ರಗಳಾದರೋ ಸೂರ್ಯನ ಲೆಕ್ಕದವು: ಚಿತ್ತೆ ಮಳೆ ಸುಮಾರಾಗಿ ಅಕ್ಟೋಬರ್ 10ರಿಂದ 23ರವರೆಗೆ, ಸ್ವಾತಿ ಮಳೆ ಅಲ್ಲಿಂದ ನವೆಂಬರ್ ಮೊದಲ ವಾರದವರೆಗೆ. ಭತ್ತ ಪಂಚಾಂಗದ ಹಬ್ಬವನ್ನು ಕೇಳಿ ಬೆಳೆಯುವುದಿಲ್ಲ. ಜುಲೈಯಲ್ಲಿ ನಾಟಿಯಾದ ಸಸಿ ಅಕ್ಟೋಬರಿನಲ್ಲಿ ತೆನೆ ಬಿಟ್ಟು, ನವೆಂಬರಿನಲ್ಲಿ ಹಣ್ಣಾಗಿ, ಅಲ್ಲಿಂದ ಮುಂದಕ್ಕೆ ಕೊಯ್ಲಿಗೆ ಬರುತ್ತದೆ. ಆದ್ದರಿಂದ ಅಕ್ಟೋಬರ್ ಆರಂಭದಲ್ಲಿಯೇ ದಸರಾ ಬಂದ ವರ್ಷ ನೀವು ರಜೆಯ ಮೊದಲ ದಿನಗಳಲ್ಲಿ ಹೋದರೆ ಕಾಣುವುದು ಬರೀ ಹಸಿರು. ರಜೆಯ ಕೊನೆಯ ಐದು ದಿನಗಳನ್ನು ಇದಕ್ಕೆ ಇಟ್ಟುಕೊಳ್ಳಿ. ಆಗ ತೆನೆ ಬಾಗಿ ಗದ್ದೆ ಗಿಳಿಹಸಿರಿನಿಂದ ಹಳದಿಗೆ ತಿರುಗತೊಡಗಿರುತ್ತದೆ. ಅಪ್ಪಟ ಚಿನ್ನದ ಬಣ್ಣವೇ ಬೇಕೆಂದಾದರೆ ನವೆಂಬರ್ ಎರಡನೆಯ ವಾರಕ್ಕೆ ಸಮನಾದುದಿಲ್ಲ, ಆದರೆ ಅದು ನಿಮ್ಮ ಮಕ್ಕಳ ಶಾಲೆಗೆ ಹೊಂದಲಾರದು.

ನಿಮ್ಮ ರಜೆಯಲ್ಲಿ ಸೀಗೆ ಹುಣ್ಣಿಮೆ, ಅಂದರೆ ಆಶ್ವಯುಜದ ಹುಣ್ಣಿಮೆ ಬೀಳುವುದಾದರೆ, ಉಳಿದ ಎಲ್ಲವನ್ನೂ ಅದಕ್ಕೆ ಹೊಂದಿಸಿಕೊಳ್ಳಿ. ಮಲೆನಾಡಿನಲ್ಲಿ ಅದು ಭೂಮಿ ಹುಣ್ಣಿಮೆ. ತೆನೆಯಲ್ಲಿ ಕಾಳು ಕಟ್ಟುತ್ತಿರುವ ಗದ್ದೆಯನ್ನು ಬಸುರಿ ಹೆಣ್ಣೆಂದು ಭಾವಿಸಿ ಅವಳಿಗೆ ಬಯಕೆಯ ಊಟ ಬಡಿಸುವ ದಿನ. ಹಿಂದಿನ ರಾತ್ರಿಯೆಲ್ಲ ಅಡುಗೆ ಮಾಡಿ, ನಾನಾ ಬಗೆಯ ಸೊಪ್ಪು, ಕಾಯಿಗಳನ್ನು ಬೇಯಿಸಿ, ಬೆಳಕು ಹರಿಯುವ ಮೊದಲೇ ಗದ್ದೆಗೆ ಹೋಗಿ ಬೀರುತ್ತಾರೆ. ಆಮೇಲೆ ತೆನೆಗೆ ಪೂಜೆ ಮಾಡಿ ಮನೆಮಂದಿಯೆಲ್ಲ ಗದ್ದೆಯ ಅಂಚಿನಲ್ಲಿಯೇ ಊಟ ಮಾಡುತ್ತಾರೆ. ಆ ಎಡೆಯನ್ನು ಹೊತ್ತೊಯ್ಯುವ ಬುಟ್ಟಿಯೇ ಭೂಮಣ್ಣಿ ಬುಟ್ಟಿ. ಸಾಗರ ತಾಲ್ಲೂಕಿನ ಒಂದು ಹಳ್ಳಿಮನೆಯ ಜಗಲಿಯಲ್ಲಿ ದೀವರ ಸಮುದಾಯದ ಹಿರಿಯ ಮಹಿಳೆಯೊಬ್ಬರು ಅದನ್ನು ಬರೆಯುವುದನ್ನು ನಾನು ಒಂದು ಇಳಿಹೊತ್ತಿನಲ್ಲಿ ಕೂತು ನೋಡಿದ್ದೇನೆ. ಬಿದಿರಿನ ಬುಟ್ಟಿಗೆ ಮೊದಲು ಸಗಣಿ ಸಾರಿಸಿ, ಒಣಗಿದ ಮೇಲೆ ಕೆಮ್ಮಣ್ಣು ಬಳಿದಿದ್ದರು. ಪಕ್ಕದ ಗೆರಟೆಯಲ್ಲಿ ನೆನೆಸಿ ಅರೆದ ಅಕ್ಕಿಯ ಬಿಳಿ. ಪುಂಡಿನಾರಿನ ಕುಂಚವನ್ನು ಅದ್ದಿ, ಎಡಗೈಯಿಂದ ಬುಟ್ಟಿಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ, ಬಲಗೈಯನ್ನು ಅಲುಗಿಸದೆ ಎಳೆ ಎಳೆಯುತ್ತಿದ್ದರು. ಗೆರೆ ಬುಟ್ಟಿಯನ್ನು ಒಂದು ಸುತ್ತು ಬಂದು ಹೊರಟಲ್ಲಿಗೇ ಸೇರಿದಾಗ ಕೂಡಿದ ಜಾಗ ಗೊತ್ತಾಗಲಿಲ್ಲ. ಅಮೆರಿಕದ ಎಲೆಗಳ ಚಿತ್ರಕ್ಕೆ ಪ್ರತಿಯಾಗಿ ನಿಮ್ಮ ನಾದಿನಿಗೆ ಕಳಿಸಬಹುದಾದ ಚಿತ್ರ ಇದು. ಆದರೆ ಇದು ಪ್ರದರ್ಶನವಲ್ಲ, ಮನೆಯ ಪೂಜೆ. ಯಾರಾದರೂ ಕರೆದರೆ ಮಾತ್ರ ಹೋಗಿ, ಗದ್ದೆಗೆ ಇಳಿಯುವಾಗ ಚಪ್ಪಲಿ ಬಿಡಿ, ಕೇಳದೆ ಫೋಟೊ ತೆಗೆಯಬೇಡಿ. ನೀವು ಉಳಿದುಕೊಳ್ಳುವ ಹೋಮ್‌ಸ್ಟೇಯವರನ್ನು ಮುಂಚೆಯೇ ವಿಚಾರಿಸಿದರೆ ಅವರೇ ಪರಿಚಯದ ಮನೆಗೆ ಮಾತನಾಡಿ ಇಡುತ್ತಾರೆ.

ಇನ್ನು ದಾರಿ. ಗೋಕರ್ಣ, ಮುರುಡೇಶ್ವರಗಳನ್ನು ಈ ಸಲ ಬಿಡಿ. ಅಕ್ಟೋಬರಿನಲ್ಲಿ ಕರಾವಳಿಯ ಸೆಕೆ ಹಿರಿಯರನ್ನು ಹಣ್ಣು ಮಾಡುತ್ತದೆ, ಘಟ್ಟ ಇಳಿದು ಹತ್ತುವುದಕ್ಕೇ ಒಂದು ದಿನ ಹೋಗುತ್ತದೆ. ಅದಕ್ಕೆ ಡಿಸೆಂಬರ್ ಒಳ್ಳೆಯದು. ಯಾಣವೂ ಬೇಡ ಎನ್ನುತ್ತೇನೆ. ಆ ಕಪ್ಪು ಸುಣ್ಣಕಲ್ಲಿನ ಶಿಖರಗಳು ಎಲ್ಲ ಋತುವಿನಲ್ಲೂ ಒಂದೇ ರೀತಿ ಕಾಣುವಂಥವು, ಈ ಐದು ದಿನಗಳನ್ನು ಋತುವಿಗೆ ಸೇರಿದ್ದಕ್ಕೇ ಖರ್ಚು ಮಾಡಿ.

ಮೊದಲ ದಿನ ಬೆಳಿಗ್ಗೆ ಐದಕ್ಕೆ ಬೆಂಗಳೂರು ಬಿಡಿ. ತುಮಕೂರು ದಾಟಿ ತಿಪಟೂರು, ಅರಸೀಕೆರೆಯ ತೆಂಗಿನ ಸೀಮೆಗೆ ಬರುವ ಹೊತ್ತಿಗೆ ಬಿಸಿಲು ಏರಿರುತ್ತದೆ. ಅಲ್ಲಿ ರಾಗಿ ಹೊಲಗಳ ನಡುವೆ ಅಕ್ಕಡಿ ಸಾಲುಗಳಲ್ಲಿ ಹುಚ್ಚೆಳ್ಳು ಹಳದಿ ಹೂ ಬಿಟ್ಟಿರುವುದನ್ನು ಮಕ್ಕಳಿಗೆ ತೋರಿಸಿ. ರಾಗಿಯ ಜೊತೆಗೆ ಅವರೆ, ಜೋಳ, ಹುಚ್ಚೆಳ್ಳನ್ನು ಬೆರೆಸಿ ಬಿತ್ತುವ ಈ ಪದ್ಧತಿ ಒಂದು ಬೆಳೆ ಕೈಕೊಟ್ಟರೆ ಇನ್ನೊಂದು ಉಳಿಸಲಿ ಎಂಬ ಲೆಕ್ಕಾಚಾರದ್ದು. ಕಡೂರು, ಬೀರೂರು ಕಳೆದು ತರೀಕೆರೆಯಲ್ಲಿ ಹೆದ್ದಾರಿ ಬಿಟ್ಟು ಹತ್ತು–ಹನ್ನೊಂದು ಕಿಲೋಮೀಟರ್ ಒಳಗೆ ಹೋದರೆ ಅಮೃತಾಪುರ. 1196ರಲ್ಲಿ, ಎರಡನೆಯ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ ಕಟ್ಟಿಸಿದ ಅಮೃತೇಶ್ವರ ದೇವಾಲಯ ಇಲ್ಲಿದೆ. ಬೇಲೂರು, ಹಳೇಬೀಡಿನ ನೂಕುನುಗ್ಗಲು ಇಲ್ಲಿಲ್ಲ. ರಾಮಾಯಣ, ಮಹಾಭಾರತಗಳ ಕಥಾಫಲಕಗಳನ್ನು ಕಣ್ಣಿನ ಎತ್ತರದಲ್ಲಿ ನಿಧಾನವಾಗಿ ನೋಡಬಹುದು. ಆವರಣದಲ್ಲಿರುವ ಹಳಗನ್ನಡ ಶಾಸನದ ಪದ್ಯಗಳು ಕವಿ ಜನ್ನನವು. ನಿಮ್ಮ ಮಾವನವರಿಗೆ ಹಳಗನ್ನಡದ ರುಚಿ ಇದ್ದರೆ ಇಲ್ಲಿಂದ ಅವರನ್ನು ಎಬ್ಬಿಸುವುದು ಕಷ್ಟವಾದೀತು, ಅದಕ್ಕಾಗಿ ಒಂದು ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ. ಆ ರಾತ್ರಿ ಶಿವಮೊಗ್ಗದಲ್ಲಿ ತಂಗಿ. ಮುನ್ನೂರು ಕಿಲೋಮೀಟರ್ ಆದ ಮೇಲೆ ಹಿರಿಯರನ್ನು ಸಾಗರದವರೆಗೆ ಎಳೆದೊಯ್ಯುವುದು ಬೇಡ.

ಎರಡನೆಯ ದಿನ ಸಾಗರ, ಎಪ್ಪತ್ತು ಕಿಲೋಮೀಟರಿನಷ್ಟು ಹಾದಿ. ಆನಂದಪುರ ದಾಟುತ್ತಿದ್ದಂತೆ ಗದ್ದೆಗಳು ರಸ್ತೆಗೆ ಹತ್ತಿರವಾಗುತ್ತವೆ. ಸಾಗರದಲ್ಲಿ ಚೀಲ ಇಳಿಸಿ ಇಕ್ಕೇರಿಗೆ ಹೋಗಿ. ಕಣಶಿಲೆಯ ಅಘೋರೇಶ್ವರ ದೇವಾಲಯದ ಎದುರು ಕೂತಿರುವ ಆ ದೊಡ್ಡ ನಂದಿಯನ್ನು ಎಲ್ಲರೂ ನೋಡುತ್ತಾರೆ. ಗರ್ಭಗುಡಿಯ ಮುಂದಿನ ನೆಲವನ್ನು ನೋಡುವವರು ಕಡಿಮೆ. ಅಲ್ಲಿ ಅಡ್ಡಬಿದ್ದು ನಮಸ್ಕರಿಸುತ್ತಿರುವ ಮೂರು ಮಾನವಾಕೃತಿಗಳನ್ನು ಕೊರೆದಿದ್ದಾರೆ. ಅವರು ಕೆಳದಿಯ ಅರಸರು, ತಲೆಯ ಮೇಲ್ಗಡೆ ಹೆಸರುಗಳಿವೆ, ಅವರಲ್ಲೊಬ್ಬನ ಕೈಕಾಲಿಗೆ ಸಂಕೋಲೆ ಇದೆ. ರಾಜ್ಯ ಆಳಿದವರು ದೇವರ ಮುಂದೆ ಭಕ್ತರ ಕಾಲಡಿಯಲ್ಲಿ ಮಲಗಲು ಒಪ್ಪಿದ ಆ ಜಾಗದಲ್ಲಿ ನಾನು ಪ್ರತಿ ಸಲವೂ ತುಸು ಹೊತ್ತು ನಿಲ್ಲುತ್ತೇನೆ. ಅಲ್ಲಿಂದ ಸಾಗರದ ಇನ್ನೊಂದು ಮಗ್ಗುಲಿಗಿರುವ ಕೆಳದಿಗೆ ಬಂದರೆ ವೀರಭದ್ರ ದೇವಾಲಯದ ಚಾವಣಿಯಲ್ಲಿ ಗಂಡಭೇರುಂಡವಿದೆ. ಮಕ್ಕಳಿಗೆ ಆ ಎರಡು ತಲೆಯ ಹಕ್ಕಿಯನ್ನು ನೆನಪಿಟ್ಟುಕೊಳ್ಳಲು ಹೇಳಿ, ಅದು ಕೊನೆಯ ದಿನ ಮತ್ತೆ ಸಿಗುತ್ತದೆ. ನಮ್ಮ ಸರ್ಕಾರದ ಲಾಂಛನದಲ್ಲಿಯೂ ಇರುವುದು ಅದೇ. ಶಿವಾಜಿಯ ಮಗ ರಾಜಾರಾಮನಿಗೆ ಔರಂಗಜೇಬನ ಸೈನ್ಯದ ಭಯವಿದ್ದರೂ ಆಶ್ರಯ ಕೊಟ್ಟ ರಾಣಿ ಚೆನ್ನಮ್ಮನ ವಂಶದ ಮೂಲ ಊರು ಇದು. ಹತ್ತಿರದ ಹೆಗ್ಗೋಡಿನಲ್ಲಿ 1949ರಿಂದ ನಡೆದುಬಂದ ನೀನಾಸಮ್ ಇದೆ. ಅಕ್ಟೋಬರಿನಲ್ಲಿ ಅಲ್ಲಿ ಸಂಸ್ಕೃತಿ ಶಿಬಿರ ನಡೆಯುವ ರೂಢಿಯಿರುವುದರಿಂದ ಸಂಜೆ ನಾಟಕ ಇದೆಯೇ ಎಂದು ಮುಂಚಿತವಾಗಿ ಕೇಳಿ ತಿಳಿದುಕೊಳ್ಳಿ.

ಮೂರನೆಯ ದಿನ ಜೋಗ. ಇಲ್ಲಿ ಒಂದು ವಿಷಯವನ್ನು ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ಜಾಹೀರಾತಿನ ಚಿತ್ರ ನೋಡಿ ಹೋಗಿ ನಿರಾಶರಾಗಿ ಬಂದವರ ಪತ್ರಗಳು ನನಗೆ ಪ್ರತಿ ವರ್ಷವೂ ಬರುತ್ತವೆ. 253 ಮೀಟರ್ ಎತ್ತರದಿಂದ ಬೀಳುವ ಶರಾವತಿಯ ನೀರನ್ನು ತುಸು ಮೇಲೆಯೇ ಲಿಂಗನಮಕ್ಕಿ ಅಣೆಕಟ್ಟು 1964ರಿಂದ ಹಿಡಿದು ನಿಲ್ಲಿಸಿದೆ. ಗೇಟು ತೆರೆಯದ ದಿನ ಬೀಳುವುದು ಅಣೆಕಟ್ಟಿನಿಂದ ಕೆಳಗಿನ ಹಳ್ಳ, ಕಾಡುಗಳಿಂದ ಇಳಿದುಬಂದ ನೀರು. ಅಕ್ಟೋಬರಿನಲ್ಲಿ ಆ ಹಳ್ಳಗಳು ಇನ್ನೂ ಜೀವಂತವಾಗಿರುವುದರಿಂದ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಸಾಮಾನ್ಯವಾಗಿ ಬೇರೆಬೇರೆಯಾಗಿ, ತೆಳ್ಳಗೆ, ಬಂಡೆಯ ಮೈ ಕಾಣುವಂತೆ ಇಳಿಯುತ್ತವೆ. ಜುಲೈಯ ಅಬ್ಬರ ಇರುವುದಿಲ್ಲ ನಿಜ, ಆದರೆ ಜುಲೈಯಲ್ಲಿ ಗಂಟೆಗಟ್ಟಲೆ ಮಂಜಿನ ಪರದೆಯ ಮುಂದೆ ಕಾಯುವ ಕಷ್ಟವೂ ಇರುವುದಿಲ್ಲ. ಸಾಗರದಿಂದ ಬೇಗ ಹೊರಟು ಒಂಬತ್ತರೊಳಗೆ ತಲುಪಿ. ಕೆಳಗಿಳಿಯುವ ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳು ಮಳೆ ಬಿದ್ದಾಗ ಮುಚ್ಚಿರುತ್ತವೆ. ತೆರೆದಿದ್ದರೂ ನಿಮ್ಮ ತಂಡಕ್ಕೆ ಸಲ್ಲವು. ಬದಲಿಗೆ ಸೇತುವೆ ದಾಟಿ ಸಿದ್ದಾಪುರದ ದಿಕ್ಕಿನ ದಡದಲ್ಲಿರುವ, ಜನ ಬಾಂಬೆ ಬಂಗಲೆ ಎನ್ನುವ ಪ್ರವಾಸಿ ಬಂಗಲೆಯ ಕಡೆಯಿಂದ ನೋಡಿ. ಶರಾವತಿ ಒಂದು ಕಾಲಕ್ಕೆ ಮೈಸೂರು ಸಂಸ್ಥಾನಕ್ಕೂ ಮುಂಬಯಿ ಪ್ರಾಂತ್ಯಕ್ಕೂ ಗಡಿಯಾಗಿದ್ದುದರಿಂದ ಆ ಹೆಸರು ಉಳಿದಿದೆ.

ಸಿಗಂದೂರಿಗೆ ಹೋಗಲೇಬೇಕು ಎಂದು ಅತ್ತೆಯವರ ಹರಕೆಯಿದ್ದರೆ ಸಾಗರದಲ್ಲಿ ಇನ್ನೊಂದು ರಾತ್ರಿ ಉಳಿದು ಹೋಗಿಬನ್ನಿ. ಲಿಂಗನಮಕ್ಕಿಯ ಹಿನ್ನೀರು ದಾಟಿಸುವ ಲಾಂಚಿಗಾಗಿ ದಡದಲ್ಲಿ ಕಾಯುವ ಕಾಲ ಮುಗಿದಿದೆ. ಅಂಬಾರಗೋಡ್ಲು–ಕಳಸವಳ್ಳಿ ನಡುವಿನ, ಎರಡು ಕಿಲೋಮೀಟರಿಗೂ ಉದ್ದದ ತೂಗು ತಂತಿಯ ಸೇತುವೆ 2025ರ ಜುಲೈಯಲ್ಲಿ ಸಂಚಾರಕ್ಕೆ ತೆರೆದಿದೆ. ಮಳೆಗಾಲ ಮುಗಿದ ಈ ದಿನಗಳಲ್ಲಿ ಹಿನ್ನೀರು ತುಂಬಿ, ಗುಡ್ಡದ ನೆತ್ತಿಗಳು ದ್ವೀಪಗಳಾಗಿ ನಿಂತಿರುತ್ತವೆ. ಆ ನೀರಿನ ಕೆಳಗೆ ಊರುಗಳಿದ್ದವು, ಇಂಥದೇ ಗದ್ದೆಗಳಿದ್ದವು. ನಾಡಿಗೆ ಬೆಳಕು ಕೊಡಲೆಂದು ಎದ್ದುಹೋದ ಆ ಮನೆಗಳವರಲ್ಲಿ ಹಲವರು ತಾವು ಹೋಗಿ ನೆಲೆಸಿದ ಭೂಮಿಯ ಹಕ್ಕುಪತ್ರಕ್ಕಾಗಿ ಇಂದಿಗೂ ಹೋರಾಡುತ್ತಿದ್ದಾರೆ. ಸೇತುವೆಯ ಮೇಲೆ ನಿಂತು ಫೋಟೊ ತೆಗೆಯುವಾಗ ಮಕ್ಕಳಿಗೆ ಇದನ್ನೂ ಹೇಳಿ.

ಜೋಗದಿಂದ ಸಿದ್ದಾಪುರ, ಅಲ್ಲಿಂದ ಶಿರಸಿ, ಒಟ್ಟು ಅರುವತ್ತು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಇಡೀ ಪ್ರವಾಸದಲ್ಲಿ ನಾನು ಅತ್ಯಂತ ಇಷ್ಟಪಡುವ ತುಂಡು ಇದೇ, ಆದ್ದರಿಂದ ಇದಕ್ಕೆ ಮೂರು ಗಂಟೆ ಕೊಡಿ. ತಿರುವುಗಳಲ್ಲಿ ಗಾಡಿ ನಿಲ್ಲಿಸಬೇಡಿ. ಹಳ್ಳಿಯ ಬಸ್ ತಂಗುದಾಣದ ಪಕ್ಕ ಅಥವಾ ಸೊಸೈಟಿಯ ಅಂಗಳದಲ್ಲಿ ನಿಲ್ಲಿಸಿ ಇಳಿದು ನಡೆಯಿರಿ. ಕಿಟಕಿ ಇಳಿಸಿದರೆ ಬಲಿಯುತ್ತಿರುವ ಭತ್ತದ ಸಿಹಿವಾಸನೆ ಒಳಗೆ ಬರುತ್ತದೆ. ದೀಪಾವಳಿಯ ಹತ್ತಿರ ಹೋದರೆ ಅಡಿಕೆ ಕೊಯ್ಲು ಕೂಡ ಶುರುವಾಗಿರುತ್ತದೆ: ಅಡಿಕೆ ಗೊನೆ ಕೊಯ್ಯುವ ಕೊನೆಗೌಡರು ಮರದಿಂದ ಮರಕ್ಕೆ ದಾಟುತ್ತ ಕೊನೆ ಕೊಯ್ದು ಹಗ್ಗದ ಮೇಲೆ ಕೆಳಗೆ ಜಾರಿಬಿಡುವುದು, ಅಂಗಳದ ಹಂಡೆಗಳಲ್ಲಿ ಸುಲಿದ ಅಡಿಕೆ ತೊಗರಿನಲ್ಲಿ (ಅಡಿಕೆ ಬೇಯಿಸಿ ಉಳಿದ ಕೆಂಪು ರಸದಲ್ಲಿ) ಬೇಯುವುದು, ಅಟ್ಟದ ಮೇಲೆ ಅದು ಕೆಂಪಗೆ ಹರಡಿಕೊಂಡಿರುವುದು ದಾರಿಯಿಂದಲೇ ಕಾಣುತ್ತದೆ.

ಮಧ್ಯಾಹ್ನ ಮೂರರ ನಿಯಮವನ್ನು ಇಲ್ಲಿಯೇ ವಿವರಿಸುತ್ತೇನೆ. ಚಿತ್ತೆ, ಸ್ವಾತಿ ಮಳೆಗಳು ಆಷಾಢದ ಮಳೆಯಂತೆ ಹಗಲೂ ರಾತ್ರಿ ಜಿನುಗುವುದಿಲ್ಲ. ಬೆಳಗಿನ ಸ್ವಚ್ಛ ಬಿಸಿಲಿಗೆ ನೆಲ ಕಾದು, ತೇವದ ಗಾಳಿ ಮೇಲೇರಿ, ಇಳಿಹೊತ್ತಿಗೆ ಗುಡುಗು ಸಿಡಿಲಿನೊಂದಿಗೆ ಒಂದೆರಡು ಗಂಟೆ ಹೊಡೆದು ಹೋಗುತ್ತದೆ. ಒಮ್ಮೆ ನಾನು ವಯಸ್ಸಾದ ತಾಯಿಯನ್ನು ಕೂರಿಸಿಕೊಂಡು ಜೋಗದಿಂದ ನಾಲ್ಕೂವರೆಗೆ ಹೊರಟು, ಸಿದ್ದಾಪುರಕ್ಕೆ ಇನ್ನೇನು ಹತ್ತು ಕಿಲೋಮೀಟರ್ ಇದೆ ಎನ್ನುವಾಗ ರಸ್ತೆಗೆ ಅಡ್ಡಲಾಗಿ ಮರ ಬಿದ್ದು, ಮೊಬೈಲ್ ಸಿಗ್ನಲ್ ಇಲ್ಲದೆ ರಾತ್ರಿ ಎಂಟರವರೆಗೆ ಕಾರಿನಲ್ಲಿಯೇ ಕೂತಿದ್ದೆ. ಊರಿನವರು ಗರಗಸ ತಂದು ಮರ ಕಡಿದು ದಾರಿ ಮಾಡಿಕೊಟ್ಟರು, ತಾಯಿಗೆ ಬಿಸಿ ಕಷಾಯವನ್ನೂ ತಂದುಕೊಟ್ಟರು. ಆದರೆ ಆ ಮೂರು ಗಂಟೆಗಳ ಸಿಡಿಲಿನಲ್ಲಿ ಆಕೆ ಪಟ್ಟ ಭಯಕ್ಕೆ ಕಾರಣ ನನ್ನ ಹೊತ್ತುಗೇಡಿತನವೇ. ಅಂದಿನಿಂದ ಈ ತಿಂಗಳಲ್ಲಿ ಮೂರರ ನಂತರ ನಾನು ಮಲೆನಾಡಿನ ರಸ್ತೆಯಲ್ಲಿ ಇರುವುದಿಲ್ಲ. ಬೆಳಿಗ್ಗೆ ಏಳರವರೆಗೆ ಮಂಜು ಕವಿದಿರುವುದೂ ಉಂಟು. ಆಗ ದೀಪವನ್ನು ಡಿಮ್‌ನಲ್ಲಿಯೇ ಇಟ್ಟು ನಿಧಾನವಾಗಿ ಹೋಗಬೇಕು, ಹೈಬೀಮ್ ಹಾಕಿದರೆ ಮಂಜೇ ಬೆಳ್ಳಗೆ ಹೊಳೆದು ರಸ್ತೆ ಕಾಣಿಸುವುದಿಲ್ಲ.

ನಾಲ್ಕನೆಯ ದಿನ ಶಿರಸಿಯಲ್ಲಿದ್ದುಕೊಂಡು ಒಂದೇ ಒಂದು ಜಾಗಕ್ಕೆ ಹೋಗಿಬನ್ನಿ. ಎಲ್ಲರೂ ಸೋಂದಾ ಹತ್ತಿರದ ಸಹಸ್ರಲಿಂಗವನ್ನು ಹೇಳುತ್ತಾರೆ. ಶಾಲ್ಮಲಾ ನದಿಯ ಬಂಡೆಗಳ ಮೇಲೆ ಕೊರೆದ ಆ ಲಿಂಗಗಳು ಅಪರೂಪದವು ನಿಜ, ಆದರೆ ಅಕ್ಟೋಬರಿನಲ್ಲಿ ಹೊಳೆ ತುಂಬಿದ್ದರೆ ಬಹುಪಾಲು ನೀರಿನಡಿಯಲ್ಲಿಯೇ ಇರುತ್ತವೆ. ಕಂಡಷ್ಟನ್ನು ನೋಡಲು ಪಾಚಿ ಕಟ್ಟಿದ ಬಂಡೆಗಳ ಮೇಲೆ ಮಕ್ಕಳನ್ನು ಇಳಿಸುವುದನ್ನು ನಾನು ಒಪ್ಪುವುದಿಲ್ಲ. ಈ ತಿಂಗಳಿಗೆ ತಕ್ಕದ್ದು ಉಂಚಳ್ಳಿ. ಅಘನಾಶಿನಿಗೆ ಅಣೆಕಟ್ಟು ಇಲ್ಲ. ಆದ್ದರಿಂದ 116 ಮೀಟರ್ ಎತ್ತರದ ಈ ಜಲಪಾತದಲ್ಲಿ ಬೀಳುವುದು ಆ ವರ್ಷದ ಮಳೆ ಕಾಡಿನಲ್ಲಿ ಉಳಿಸಿಹೋದ ನೀರೇ. ಜೋಗ ನೋಡಿದ ಮರುದಿನ ಇದನ್ನು ನೋಡಿದರೆ ಕಟ್ಟಿದ ಹೊಳೆಗೂ ಬಿಟ್ಟ ಹೊಳೆಗೂ ಇರುವ ವ್ಯತ್ಯಾಸ ಮಕ್ಕಳಿಗೆ ಪಾಠವಿಲ್ಲದೆಯೇ ತಿಳಿಯುತ್ತದೆ. ಕೊನೆಯ ಭಾಗ ಕಾಡುದಾರಿ ಮತ್ತು ಮೆಟ್ಟಿಲು. ಉಂಬಳಗಳು (ಜಿಗಣೆಗಳು) ಇನ್ನೂ ಇರುತ್ತವೆ, ಕಾಲಿಗೆ ಸುಣ್ಣವನ್ನೋ ಉಪ್ಪು ಬೆರೆಸಿದ ಎಣ್ಣೆಯನ್ನೋ ಹಚ್ಚಿಕೊಳ್ಳಿ. ಅತ್ತೆ–ಮಾವ ಇಳಿಯಲಾರರು ಎನಿಸಿದರೆ ಅವರು ಶಿರಸಿಯ ಮಾರಿಕಾಂಬಾ ದೇವಾಲಯದಲ್ಲಿ ಬೆಳಿಗ್ಗೆ ಕಳೆಯಲಿ. ಮಧ್ಯಾಹ್ನದ ಊಟದಲ್ಲಿ ತಂಬುಳಿ ಕೇಳಿ. ಪೇಟೆಯಲ್ಲಿ ತೊಡೆದೇವು ಕೊಳ್ಳಿ: ಬೋರಲು ಹಾಕಿ ಕಾಯಿಸಿದ ಮಣ್ಣಿನ ಗಡಿಗೆಯ ಬೆನ್ನಿಗೆ ಬೆಲ್ಲ ಬೆರೆಸಿದ ಅಕ್ಕಿಹಿಟ್ಟನ್ನು ಬಟ್ಟೆಯಿಂದ ತೆಳ್ಳಗೆ ಸವರಿ, ಕಾಗದದಂತೆ ಎಬ್ಬಿಸಿ ಮಡಚುವ ತಿಂಡಿ ಅದು. ಚೀಲದ ತಳದಲ್ಲಿ ಇಟ್ಟರೆ ಪುಡಿಯಾಗುತ್ತದೆ, ಮೇಲಿಡಿ.

ಐದನೆಯ ದಿನದ್ದು ದೀರ್ಘ ಪ್ರಯಾಣ, ನಾಲ್ಕುನೂರು ಕಿಲೋಮೀಟರಿನ ಆಸುಪಾಸು. ಬೆಳಿಗ್ಗೆ ಆರಕ್ಕೇ ಶಿರಸಿ ಬಿಟ್ಟು, ಇಪ್ಪತ್ತಮೂರು ಕಿಲೋಮೀಟರ್ ದೂರದ ಬನವಾಸಿಯ ಮಧುಕೇಶ್ವರನ ದರ್ಶನ ಮಾಡಿ. ಕದಂಬರ ರಾಜಧಾನಿಯನ್ನು ವರದಾ ನದಿ ಹೇಗೆ ಬಳಸಿಕೊಂಡು ಹರಿಯುತ್ತದೆ ಎಂಬುದನ್ನು ಊರ ಹೊರಗೆ ಬಂದು ನೋಡಿ. ಅಲ್ಲಿಂದ ಸೊರಬ, ಶಿರಾಳಕೊಪ್ಪದ ಮಾರ್ಗವಾಗಿ ಬಳ್ಳಿಗಾವಿ. ಕೇದಾರೇಶ್ವರ ದೇವಾಲಯಕ್ಕೆ ಅರ್ಧ ಗಂಟೆ ಸಾಕು. ಆದರೆ ಎತ್ತರದ ಕಂಬದ ನೆತ್ತಿಯಲ್ಲಿ 1047ರಲ್ಲಿ ನಿಲ್ಲಿಸಿದ ಗಂಡಭೇರುಂಡವನ್ನು ಮಕ್ಕಳು ತಾವಾಗಿಯೇ ಹುಡುಕಲಿ. ಕೆಳದಿಯ ಚಾವಣಿಯಲ್ಲಿ ಕಂಡದ್ದು ಹಕ್ಕಿ, ಇಲ್ಲಿರುವುದು ಮನುಷ್ಯನ ಮೈಯ ಎರಡು ತಲೆಯ ಹಕ್ಕಿ. ಎರಡರ ನಡುವೆ ಐದು ಶತಮಾನಗಳ ಅಂತರವಿದೆ.

ಬಳ್ಳಿಗಾವಿಯಿಂದ ಶಿಕಾರಿಪುರ, ಹೊನ್ನಾಳಿಯ ಮೇಲೆ ಬಂದು ಹರಿಹರದ ಹತ್ತಿರ ಪುಣೆ–ಬೆಂಗಳೂರು ಹೆದ್ದಾರಿ ಸೇರಿ. ಈ ಒಳರಸ್ತೆಗಳಲ್ಲಿ ಈ ದಿನಗಳಲ್ಲಿ ಒಂದು ಎಚ್ಚರಿಕೆ ಬೇಕೇ ಬೇಕು. ಇದು ಮೆಕ್ಕೆಜೋಳದ ಸೀಮೆ. ಕೊಯ್ಲಾದ ಕಾಳನ್ನು ಒಣಗಿಸಲು ಕಣವಿಲ್ಲದ ರೈತರು ಅರ್ಧ ರಸ್ತೆಯ ಮೇಲೆಯೇ ಹಳದಿ ಹಾಸು ಹರಡಿ, ಅಂಚಿಗೆ ಕಲ್ಲು ಜೋಡಿಸಿಟ್ಟಿರುತ್ತಾರೆ. ಕಾಳಿನ ಮೇಲೆ ಹತ್ತಿಸಿದರೆ ಚಕ್ರ ಜಾರುತ್ತದೆ, ಅವರ ವರ್ಷದ ದುಡಿಮೆಯೂ ನುಚ್ಚಾಗುತ್ತದೆ. ಆಯುಧಪೂಜೆಯ ಮರುದಿನವಾದರೆ ವೃತ್ತಗಳಲ್ಲಿ ಒಡೆದ ಬೂದುಗುಂಬಳದ ಹೋಳುಗಳೂ ಬಿದ್ದಿರುತ್ತವೆ, ಅವು ಇನ್ನೂ ಜಾರು. ಗಂಟೆಗೆ ನಲವತ್ತರ ಮೇಲೆ ಹೋಗಬೇಡಿ. ಎದುರಿನಿಂದ ಟ್ರ್ಯಾಕ್ಟರ್ ಬಂದರೆ ನಿಂತು ದಾರಿ ಬಿಡಿ. ಮಧ್ಯಾಹ್ನ ಒಂದರೊಳಗೆ ಹೆದ್ದಾರಿ ಸೇರಿದರೆ, ಚಿತ್ರದುರ್ಗದಲ್ಲಿ ಚಹಾಕ್ಕೆ ನಿಂತರೂ ರಾತ್ರಿ ಊಟದ ಹೊತ್ತಿಗೆ ಮನೆ ಮುಟ್ಟುತ್ತೀರಿ.